ಮುಖ ಯಾರದೋ ಗುಟ್ಟೂ ಅವರದೇ

ಹರವೆಯ ಬಸ್ಸು ನಿಲ್ಲುವ ಜಾಗದಿಂದ ಕೂಗಳತೆಯಲ್ಲಿ ಒಂದು ಫೋಟೊ ಸ್ಟುಡಿಯೊ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ ಶಾಲೆ ಬಿಟ್ಟು ಅಲ್ಲಿಗೆ ಸೇರಿಕೊಂಡ ಮೂವರು ಹುಡುಗರಲ್ಲಿ ನಾನೂ ಒಬ್ಬ. ಆಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಹರವೆ ಆ ತಾಲ್ಲೂಕಿನ ಹೋಬಳಿ. ಇತ್ತ ಉಡಿಗಾಲ, ಅತ್ತ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ, ನಡುವೆ ಅರಿಶಿನ, ಸಣ್ಣ ಈರುಳ್ಳಿ, ಜೋಳದ ಹೊಲಗಳು. ಈ ಹಳ್ಳಿಗಳವರು ಜೀವನದಲ್ಲಿ ನಾಲ್ಕೈದು ಸಲ ಮಾತ್ರ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೆಣ್ಣು ನೋಡುವಾಗ ಒಂದು, ಮದುವೆಗೊಂದು, ಮಗುವಿನ ಮುಡಿ ಕೊಡುವ ಮುಂಚೆ ಒಂದು, ಪಿಂಚಣಿ ಅರ್ಜಿಗೊಂದು, ಕಣ್ಣು ಮುಚ್ಚಿದ ಮೇಲೆ ಒಂದು. ಅಷ್ಟಕ್ಕೂ ಅವರು ಬರುತ್ತಿದ್ದದ್ದು ನಮ್ಮ ಅಂಗಡಿಗೆ.

ಅಂಗಡಿಯ ಯಜಮಾನರನ್ನು ನಾವು ಅಣ್ಣ ಅನ್ನುತ್ತಿದ್ದೆವು. ಹಳ್ಳಿಯವರಿಗೆ ಅವರು ಫೋಟೊ ಅಣ್ಣ. ಅವರ ಹೆಸರನ್ನಾಗಲಿ, ನನ್ನ ಜೊತೆಗಾರರ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬಂದವರ ಪ್ರಸಂಗಗಳಲ್ಲೂ ಊರು, ಕಾಲ, ನಂಟುಗಳನ್ನು ಗುರುತು ಹತ್ತದ ಹಾಗೆ ಬದಲಿಸಿದ್ದೇನೆ. ಆ ಅಂಗಡಿಯಲ್ಲಿ ಕಲಿತವರು ಬರೆಯುವುದೇ ಹೀಗೆ.

ಅಲ್ಲಿ ಕೆಲಸ ಶುರುವಾಗುತ್ತಿದ್ದದ್ದು ಡಾರ್ಕ್ ರೂಮಿನಲ್ಲಿ. ಕಿಟಕಿಗೆ ಕರಿಬಟ್ಟೆ, ಬಾಗಿಲ ಸಂದಿಗೆ ಗೋಣಿತಾಟು. ಯಾಶಿಕಾ ಕ್ಯಾಮೆರಾದ 120 ರೋಲಿನಲ್ಲಿ ಹನ್ನೆರಡು ಫೋಟೊ. ಫಿಲಂ ತೊಳೆಯುವಾಗ ಕೆಂಪು ದೀಪವೂ ಕೂಡದು, ಪೂರಾ ಕತ್ತಲೆ. ಪೇಪರ್ ತೊಳೆಯುವಾಗ ಮಾತ್ರ ಕೆಂಪು ಬಲ್ಬು. ಮೊದಲ ಟ್ರೇಯಲ್ಲಿ ಡೆವಲಪರ್, ಎರಡನೆಯದರಲ್ಲಿ ಹುಳಿನೀರು, ಮೂರನೆಯದರಲ್ಲಿ ಹೈಪೊ, ಆಮೇಲೆ ಬಕೆಟ್ಟಿನ ನೀರು. ಫಿಲಮ್ಮು, ಪೇಪರು ಬಹುಪಾಲು 'ಇಂದು' ಕಂಪನಿಯದು. ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆಯ ಮಾಲು ಅದು. ಗುಂಡ್ಲುಪೇಟೆ, ಬಂಡೀಪುರದ ಕಾಡು, ಗೂಡಲೂರು ದಾಟಿ ಘಾಟಿ ಹತ್ತಿದರೆ ಊಟಿ. ಬೆಟ್ಟದ ಆಚೆ ಬದಿ ತಯಾರಾದ ಕಾಗದದ ಮೇಲೆ ಬೆಟ್ಟದ ಈಚೆ ಬದಿಯವರ ಮುಖ ಮೂಡುತ್ತದೆ ಎಂದು ಅಣ್ಣನಿಗೆ ಬಲು ಹೆಮ್ಮೆ.

ಬಿಳಿಯ ಹಾಳೆ ಡೆವಲಪರಿನಲ್ಲಿ ಮುಳುಗಿ ಸ್ವಲ್ಪ ಹೊತ್ತಿಗೆ ಹುಬ್ಬು, ಕಣ್ಣು, ತಲೆಗೂದಲು ಕಾಣಿಸಿಕೊಳ್ಳುತ್ತವೆ. ಅದನ್ನು ಮೊದಲು ನೋಡುವವನು ಟ್ರೇ ಅಲುಗಿಸುತ್ತಿರುವ ಹುಡುಗ. ಫೋಟೊ ತೆಗೆಸಿಕೊಂಡವರು ಅದನ್ನು ನೋಡುವುದು ಎರಡು ದಿನ ಬಿಟ್ಟು. ಅಣ್ಣ ನಮಗೆ ಮೊದಲು ಹೇಳಿಕೊಟ್ಟ ಪಾಠ ಇಲ್ಲಿಂದಲೇ ಹುಟ್ಟಿದ್ದು.

"ಅವರ ಮುಖವ ಅವರಿಗಿಂತ ಮುಂಚ ನೀನು ನೋಡ್ತಿದ್ದೀಯ ಮೊಗ. ನಿಂಗ ಕೊಟ್ಟಿರದಲ್ಲ ಅದು, ನಿನ್ ಕೈಲಿ ಇಟ್ಟಿರದು. ಕಂಡುದ್ದ ಇಲ್ಲೇ ಬುಟ್ಟು ಮನಗ ಹೋಗು."

ಕೆಟ್ಟುಹೋದ ಪ್ರಿಂಟುಗಳನ್ನು ಕಸಕ್ಕೆ ಎಸೆಯುವಂತಿರಲಿಲ್ಲ. ಕಪ್ಪಾದದ್ದು, ಮಸುಕಾದದ್ದು, ಅಂಚು ತಪ್ಪಿದ್ದು ಎಲ್ಲವೂ ಒಂದು ಡಬ್ಬಕ್ಕೆ. ವಾರಕ್ಕೊಮ್ಮೆ ಆ ಡಬ್ಬವನ್ನು ಹಂಡೆ ಒಲೆಗೆ ಸುರಿದು, ಪೂರಾ ಉರಿಯುವವರೆಗೆ ಒಬ್ಬ ಅಲ್ಲೇ ನಿಲ್ಲಬೇಕು. ಆಗ ಬೋಂಡ, ಕಡ್ಲೆಕಾಯಿ ಕಟ್ಟಿಕೊಡುವುದಕ್ಕೆ ಜನ ಎಂಥ ಕಾಗದವನ್ನಾದರೂ ಬಳಸುತ್ತಿದ್ದರು. ಯಾರದೋ ಮನೆ ಹೆಣ್ಣುಮಗಳ ಮುಖ ಸಂತೆಯಲ್ಲಿ ಎಣ್ಣೆ ಒರೆಸುವ ಕಾಗದವಾಗಬಾರದು ಎಂಬುದು ಅಣ್ಣನ ಕಾಳಜಿ. ನೆಗೆಟಿವ್ ಕವರಿನ ಮೇಲೆ ಬರೀ ನಂಬರು. ಆ ನಂಬರು ಯಾರದೆಂದು ಬರೆದ ಪುಸ್ತಕ ಅಣ್ಣನ ಗಲ್ಲಾಪೆಟ್ಟಿಗೆಯಲ್ಲಿ ಬೀಗದೊಳಗೆ. ಅಂಗಡಿಯ ಮುಂದಿನ ಗಾಜಿನ ಶೋಕೇಸಿನಲ್ಲಿ ಇದ್ದದ್ದು ಬಹುಪಾಲು ಮಕ್ಕಳ, ಮುದುಕರ ಫೋಟೊಗಳೇ. ಹುಡುಗಿಯರ ಫೋಟೊ ಇಡಬೇಕಾದರೆ ಅಪ್ಪ ಒಪ್ಪಿದರೆ ಸಾಲದು, ಆ ಹುಡುಗಿಯ ಬಾಯಲ್ಲೇ ಹೂಂ ಬರಬೇಕು. ಬಹಳ ಜನ ಅಪ್ಪಂದಿರಿಗೆ ಆ ಪ್ರಶ್ನೆಯೇ ಸೋಜಿಗವಾಗುತ್ತಿತ್ತು.

ನಮ್ಮ ಅಂಗಡಿಗೆ ಹೆಚ್ಚು ಬರುತ್ತಿದ್ದದ್ದು ಹೆಣ್ಣು ತೋರಿಸುವ ಫೋಟೊದ ಕೆಲಸ. ಸಂಬಂಧ ಕೂಡಿಸುವವರು ಊರಿಂದೂರಿಗೆ ಜೇಬಿನಲ್ಲಿ ಪೋಸ್ಟ್‌ಕಾರ್ಡ್ ಸೈಜಿನ ಫೋಟೊ ಇಟ್ಟುಕೊಂಡು ಹೋಗುತ್ತಿದ್ದ ಕಾಲ. ಸಿಡುಬು ದೇಶದಿಂದ ಹೋಗಿ ವರ್ಷಗಳೇ ಆಗಿದ್ದರೂ ಕೂಸಾಗಿದ್ದಾಗ ಬಂದುಹೋದ ಸಿಡುಬಿನ ಗುರುತು ಕೆಲವು ಮುಖಗಳಲ್ಲಿ ಉಳಿದಿತ್ತು. ಮುಖದ ಮೇಲಿನ ಕಪ್ಪು ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತದೆ. ಅದರ ಮೇಲೆ ಮೊನೆ ಮಾಡಿದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಿದರೆ ಪ್ರಿಂಟಿನಲ್ಲಿ ಆ ಕಲೆ ಬೆಳ್ಳಗಾಗಿ ಅಳಿಸುತ್ತದೆ. ಭೂತಗನ್ನಡಿ ಹಿಡಿದು ಈ ಟಚಪ್ ಮಾಡುವುದರಲ್ಲಿ ನಮ್ಮಲ್ಲೊಬ್ಬನ ಕೈ ಬಹಳ ಪಳಗಿತ್ತು. ಹಾಗಾಗಿ ಯಾವ ಕೆನ್ನೆಯಲ್ಲಿ ಏನಿತ್ತು ಎಂಬುದು ಅವನಿಗೆ ಗೊತ್ತು.

ಇದನ್ನು ಬಲ್ಲ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡಿನ ಕಡೆಯ ಒಬ್ಬರು ಹೋಟೆಲಿಗೆ ಕರೆದು ಟೀ ಕೊಡಿಸಿ, ಮೆತ್ತಗೆ ಕೇಳಿದರಂತೆ. "ಆ ಮೊಗ ಫೋಟೋದಲ್ಲಿ ಇದ್ದಂಗೇ ಇದ್ದಾಳಾ, ಇಲ್ಲ ನಿಮ್ ಅಣ್ಣ ಏನಾರಾ ಕೈಚಳಕ ತೋರ್ಸವ್ನಾ?" ಎದ್ದು ಹೋಗುವಾಗ ನೋಟೊಂದನ್ನು ಅಂಗಿ ಜೇಬಿಗೆ ತುರುಕಿದ್ದರು. ಅವನು ಆ ನೋಟನ್ನು ತಂದು ಅಣ್ಣನ ಮೇಜಿನ ಮೇಲಿಟ್ಟ. "ಮನಗ ಹೋಗಿ ನೋಡ್ಕಳಿ ಅಂತ ಹೇಳ್ದಿ" ಅಂದ. ಅಣ್ಣ ಆ ದುಡ್ಡನ್ನು ಕೊಟ್ಟವರಿಗೇ ಮುಟ್ಟಿಸಿದರು. ಅವತ್ತು ಸಂಜೆ ಮೂವರಿಗೂ ಮಸಾಲೆ ದೋಸೆ ಕೊಡಿಸಿದರು. ಯಾತಕ್ಕೆ ಕೊಡಿಸಿದ್ದೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಗಂತ ಅಣ್ಣ ಎಲ್ಲವನ್ನೂ ಮುಚ್ಚಿಹಾಕುತ್ತಿದ್ದವರಲ್ಲ. ಮೊಡವೆ, ಕಲೆ, ಬಿಸಿಲಿನ ಕಪ್ಪು ಅಳಿಸುತ್ತಿದ್ದರು. ಕಣ್ಣಿನ ಊನವನ್ನೋ, ತುಟಿಯ ಸೀಳನ್ನೋ ಕಾಣದ ಹಾಗೆ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಒಪ್ಪುತ್ತಿರಲಿಲ್ಲ. "ಆಮೇಲ ಆ ಮನೇಲಿ ಬಾಳಬೇಕಾದವಳು ಅವಳು. ನಾನು ಸುಳ್ಳು ಫೋಟೊ ಮಾಡಿ ಕೊಟ್ರ ಬೈಸ್ಕಳದು ಅವಳಲ್ವಾ?" ಎನ್ನುತ್ತಿದ್ದರು. ಸುಳ್ಳು ಹೇಳುವುದೂ ಹೇಳದೆ ಇರುವುದೂ ಒಂದೇ ಅಲ್ಲ ಎಂದು ನಮಗೆ ಮನದಟ್ಟಾದದ್ದು ಇಂಥ ಮಾತುಗಳಿಂದ.

ಮದುವೆ ಮನೆಗಳಿಗೆ ಹೋದಾಗ ಫ್ಲ್ಯಾಷ್ ಹಿಡಿಯುವುದು, ವೈರು ಎಳೆಯುವುದು, ಪ್ಲಗ್ಗು ಹುಡುಕುವುದು ನಮ್ಮ ಪಾಲು. ಪ್ಲಗ್ಗು ಹುಡುಕುವ ಹುಡುಗನಿಗೆ ಅಡುಗೆಮನೆ, ನಡುಮನೆ, ಕೋಣೆ ಎಲ್ಲ ಕಡೆ ದಾರಿ. ಬೀಗರಿಗೆ ಕಾಣದ್ದು ನಮಗೆ ಕಾಣುತ್ತಿತ್ತು. ಮದುಮಗಳ ಕೊರಳ ಸರವನ್ನು ಧಾರೆ ಮುಗಿಯುವುದನ್ನೇ ಕಾದು ಪಕ್ಕದ ಮನೆಯವರು ವಾಪಸು ಇಸಿದುಕೊಂಡದ್ದು, ವರದಕ್ಷಿಣೆಯ ಬಾಕಿಗೆ ಹುಡುಗಿಯ ಅಪ್ಪ ಬೀಗರ ಕೈ ಹಿಡಿದು ನಿಂತದ್ದು, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ ಗ್ರೂಪ್ ಫೋಟೊಗೆ ಅಕ್ಕಪಕ್ಕ ನಿಂತದ್ದು. ಇವೆಲ್ಲ ಕಣ್ಣಿಗೆ ಬಿದ್ದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನೂ ಅಣ್ಣ ಬಿಡಿಸಿದ್ದರು. ಹುಡುಗರು ಕಣ್ಣಲ್ಲೇ ನಕ್ಕರೂ ಆ ಮನೆಯವರಿಗೆ ಗೊತ್ತಾಗುತ್ತದೆ ಎಂದು.

ಇನ್ನು ಆಷಾಢದ ಜಾತ್ರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿನಲ್ಲಿ 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನದ ತೇರು ಹರಿಯುವುದು ಆಷಾಢದ ಹುಣ್ಣಿಮೆಗೆ. ಹೊಸದಾಗಿ ಮದುವೆಯಾದ ಹುಡುಗಿ ಆ ತಿಂಗಳು ತವರಿಗೆ ಹೋಗಿರುತ್ತಾಳೆ. ಗಂಡ ಹೆಂಡತಿ ಮುಖ ನೋಡಿಕೊಳ್ಳುವುದು ತೇರಿನ ದಿನವೇ. ಇಬ್ಬರೂ ಸೇರಿ ತೇರಿಗೆ ಹಣ್ಣು ಜವನ ಎಸೆದು, ಬತಾಸು ಖಾರ ಕಟ್ಟಿಸಿಕೊಂಡು, ಜೋಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೊಳ, ಮೆಟ್ಟಿಲು, ನವಿಲು ಬರೆಸಿದ ಪರದೆಯನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ನಾವು ಚಾಮರಾಜನಗರಕ್ಕೆ ಹೋಗುತ್ತಿದ್ದೆವು. ಬೆಳಿಗ್ಗೆಯಿಂದ ಸಂಜೆತನಕ ನಾಚಿಕೆಯ ಜೋಡಿಗಳು. ಕೈ ಹಿಡಿದುಕೊಳ್ಳಿ ಎಂದರೆ ಕಿರುಬೆರಳು ಮಾತ್ರ ಹಿಡಿಯುತ್ತಿದ್ದವರು. ನಾವು ಮೂವರೂ ಈಗಲೂ ಸೇರಿದಾಗ ಆ ದಿನದ ಮಾತಾಡದೆ ಏಳುವುದಿಲ್ಲ.

ಮದುವೆಯಾಗಿರದ ಒಂದು ಜೋಡಿ ಬಂದದ್ದೂ ಹಾಗೆಯೇ ಒಂದು ಆಷಾಢ ಕಳೆದ ಮೇಲೆ, ಅಂಗಡಿಗೆ. ಹುಡುಗ ಒಂದು ಕೇರಿಯವನು, ಹುಡುಗಿ ಇನ್ನೊಂದು ಬೀದಿಯವಳು. ನಮ್ಮ ಸೀಮೆಯಲ್ಲಿ ಇಷ್ಟು ಹೇಳಿದರೆ ಉಳಿದದ್ದು ತಿಳಿಯುತ್ತದೆ. ರಿಜಿಸ್ಟರ್ ಕಚೇರಿಗೆ ಜೋಡಿ ಫೋಟೊ ಬೇಕಿತ್ತು. ಅಣ್ಣ ಇಬ್ಬರ ವಯಸ್ಸು ಕೇಳಿದರು. ಹುಡುಗಿಯನ್ನು ಬೇರೆಯಾಗಿ ಕೂರಿಸಿ, "ನಿನ್ ಇಷ್ಟದಿಂದ ಬಂದಿದ್ದೀಯಾ ಕೂಸು?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಅಣ್ಣ ಸಾಲದು ಅಂದರು. ಹೂಂ ಎಂದಳು. ಅವತ್ತೇ ಮಧ್ಯಾಹ್ನ ಪ್ರಿಂಟ್ ಹಾಕಿ, ಇಸ್ತ್ರಿ ಮಾಡಿದ ಹಾಗೆ ಒಣಗಿಸಿ ಕೊಟ್ಟೆವು.

ಎರಡು ದಿನಕ್ಕೆ ಹುಡುಗಿಯ ಕಡೆಯವರು ಬಂದರು. ಮೊದಲು ಅಣ್ಣನನ್ನು ಕೇಳಿದರು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆದರು. ಮೂವರೂ ಹೇಳಿದ್ದು ಒಂದೇ ಮಾತು.

"ನಮ್ಮ ಅಂಗ್ಡಿಗ ಯಾರ್ ಬಂದ್ರು ಯಾರ್ ಬರ್ಲಿಲ್ಲ ಅಂತ ನಾವು ಯಾರ್ಗೂ ಹೇಳದಿಲ್ಲ ಅಣ್ಣ. ನಿಮ್ಮನೆಯವ್ರು ಬಂದುದ್ದನ್ನೂ ಇನ್ನೊಬ್ರಿಗ ಹೇಳದಿಲ್ಲ."

ಈ ಮಾತು ಅವತ್ತಿಗೆಂದು ಹುಟ್ಟಿಸಿದ್ದಲ್ಲ. ದಿನವೂ ಆಡಿಸಿ ಆಡಿಸಿ ಅಣ್ಣ ನಮ್ಮ ನಾಲಿಗೆಗೆ ರೂಢಿ ಮಾಡಿಸಿದ್ದರು. ಪಕ್ಕದ ಅಂಗಡಿಯವರು ಸುಮ್ಮನೆ, "ಬೆಳಗ್ಗೆ ಬಂದುದ್ದೋರು ಯಾರು?" ಎಂದು ಕೇಳಿದರೂ ಇದೇ ಉತ್ತರ. ಗುಟ್ಟಿಲ್ಲದ ಸಂಗತಿಗೂ ಹೀಗೇಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅಣ್ಣ ವಿವರಿಸಿದ್ದರು. ಬೇರೆ ದಿನವೆಲ್ಲ ಹೌದು, ಇಲ್ಲ ಎಂದು ಹೇಳುತ್ತಾ ಬಂದು, ಒಂದು ದಿನ ಮಾತ್ರ ಹೇಳುವುದಿಲ್ಲ ಎಂದರೆ ಕೇಳಿದವನಿಗೆ ಅಲ್ಲಿಗೇ ವಿಷಯ ತಿಳಿದುಹೋಗುತ್ತದೆ. ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ನಂಬಿದವರಿಗೆ ಮಾಡಿದ ದ್ರೋಹ. ದಿನಾ ಎಲ್ಲರಿಗೂ ಹೇಳುವುದಿಲ್ಲ ಎನ್ನುತ್ತಿದ್ದರೆ ಎರಡರ ಪಾಪವೂ ಇಲ್ಲ, ಅಡಗಿಕೊಳ್ಳಬೇಕಾದವರಿಗೆ ಮರೆಯೂ ಉಂಟು. ವಕೀಲರು, ವೈದ್ಯರು ಓದಿ ಕಲಿಯುವ ಇಂಥ ವಿವೇಕವನ್ನು ಹೈಸ್ಕೂಲು ಮುಗಿಸದ ನಮಗೆ ಹೈಪೊ ವಾಸನೆಯ ನಡುವೆ ಕಲಿಸಿದರಲ್ಲ ಎಂದು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಅವತ್ತು ಹುಡುಗಿಯ ಕಡೆಯಿಂದ ಬಂದವರು ಬೈದುಕೊಂಡು ಹೋದರು. ಆ ಹುಡುಗ ಹುಡುಗಿ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಎಲ್ಲೋ ಬದುಕು ಕಟ್ಟಿಕೊಂಡಿದ್ದಾರೆ ಎಂದು ನಾನು ನಂಬಿದ್ದೇನೆ.

ಪೊಲೀಸರ ಕಡೆಯಿಂದಲೂ ಕರೆ ಬರುತ್ತಿತ್ತು. ಬಾವಿಯಲ್ಲಿ, ಮರದಲ್ಲಿ, ರಸ್ತೆಯಲ್ಲಿ ಅಸಹಜ ಸಾವಾದರೆ ಆಗ ಜಾರಿಯಲ್ಲಿದ್ದ ದಂಡಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಂತೆ ಶವದ ತನಿಖೆ, ಮಹಜರು ಆಗಬೇಕಿತ್ತು. ಕಡತಕ್ಕೆ ಫೋಟೊ ಬೇಕಿತ್ತು. ಆಗ ಠಾಣೆಗಳಲ್ಲಿ ಕ್ಯಾಮೆರಾ ಎಲ್ಲಿತ್ತು? ಹತ್ತಿರದ ಸ್ಟುಡಿಯೊದವರೇ ಹೋಗಬೇಕು. ಅಂಥ ಕೆಲಸಕ್ಕೆ ಹೊರಟಾಗ ಅಣ್ಣ ಚೀಲದಲ್ಲಿ ಒಗೆದ ಪಂಚೆಯೊಂದನ್ನು ಇಟ್ಟುಕೊಳ್ಳುತ್ತಿದ್ದರು. ಪೊಲೀಸರು ಹೇಳಿದ ಕೋನಗಳಿಂದ ಫೋಟೊ ತೆಗೆದಾದ ಮೇಲೆ ಅವರನ್ನು ಕೇಳಿ ಅದನ್ನು ಹೊದಿಸಿ ಬರುತ್ತಿದ್ದರು. ಆ ನೆಗೆಟಿವ್‌ಗಳಿಗೆ ಬೇರೆಯೇ ಟ್ರಂಕು. ಪ್ರಿಂಟನ್ನು ಎಣಿಸಿ ಠಾಣೆಗೆ ಕೊಟ್ಟರೆ ಮುಗಿಯಿತು. ವಾಪಸು ಬರುವಾಗ ಹೋಟೆಲಿನ ಮುಂದೆ ಹತ್ತು ಜನ, "ಹೆಂಗಿತ್ತು? ಯಾನಾಗಿತ್ತಂತ?" ಎಂದು ಸುತ್ತುಗಟ್ಟುತ್ತಿದ್ದರು. ನಾವು ಸೈಕಲ್ಲಿನಿಂದ ಇಳಿಯುತ್ತಲೇ ಇರಲಿಲ್ಲ.

ಹಾಗೆ ಹೋದ ಮಗನ ತಾಯಿಯೊಬ್ಬರು ಕೆಲವು ತಿಂಗಳ ಮೇಲೆ ಬಂದರು. ಅವನದೊಂದು ಫೋಟೊ ಅವರ ಮನೆಯಲ್ಲಿ ಇರಲಿಲ್ಲ. ಬದುಕಿದ್ದಾಗ ಅವನು ಒಂದು ಸಲವೂ ತೆಗೆಸಿಕೊಂಡಿರಲಿಲ್ಲ. "ನಿಮ್ಮತ್ರ ಅದಲ್ಲ, ಅದ್ರಲ್ಲೇ ಮಾಡ್ಕೊಡಪ್ಪ" ಎಂದರು. ಅಣ್ಣ ಠಾಣೆಗೆ ಹೋಗಿ ಒಪ್ಪಿಗೆ ಪಡೆದು ಬಂದು, ಆ ನೆಗೆಟಿವ್‌ನಿಂದ ಮುಖವನ್ನಷ್ಟೇ ದೊಡ್ಡದು ಮಾಡಿದರು. ಮುಚ್ಚಿದ ಕಣ್ಣನ್ನು ಕುಂಚದಿಂದ ತೆರೆಸಿದರು. ಸತ್ತವರ ಚಿತ್ರದಲ್ಲಿ ಕಣ್ಣು ಬಿಡಿಸುವುದು ಹಳೆಯ ಸ್ಟುಡಿಯೊಗಳವರಿಗೆ ಗೊತ್ತಿದ್ದ ವಿದ್ಯೆಯೇ. ಆದರೆ ಅಣ್ಣ ಆ ಒಂದು ಚಿತ್ರಕ್ಕೆ ಹಲವು ಸಂಜೆ ಕೂತರು. ಕತ್ತಿನ ಗುರುತಿನ ಮೇಲೆ ಅಂಗಿಯ ಕಾಲರು ಬರೆದರು. ಆ ಮನೆಗೆ ಹೋದವರೆಲ್ಲ, "ಎಷ್ಟ್ ಚೆಂದಾಗದ, ಯಾವಾಗ ತೆಗ್ಸಿದ್ದು?" ಎಂದು ಕೇಳುತ್ತಿದ್ದರಂತೆ. ಹೇಳುವುದೂ ಬಿಡುವುದೂ ತಾಯಿಗೆ ಸೇರಿದ್ದು. ನಾವು ಯಾರಿಗೂ ಹೇಳಿದವರಲ್ಲ.

ಹೇಳಬಾರದೆಂಬ ಅಣ್ಣನ ಕಟ್ಟುಪಾಡಿಗೂ ಒಂದು ಗಡಿಯಿತ್ತು. ಅದನ್ನು ನಾವು ಕಂಡದ್ದು ಒಬ್ಬ ಹುಡುಗಿಯನ್ನು ಹೆಣ್ಣು ತೋರಿಸುವ ಫೋಟೊಗೆಂದು ಕರೆತಂದಾಗ. ಸೀರೆ ಉಡಿಸಿದ್ದರು, ಜಡೆ ತುಂಬ ಹೂವು ಮುಡಿಸಿದ್ದರು. ನಮ್ಮಲ್ಲೊಬ್ಬನ ತಂಗಿಯ ಜೊತೆ ಶಾಲೆಯಲ್ಲಿ ಓದುತ್ತಿದ್ದವಳು ಅವಳು. ಹೆಣ್ಣಿಗೆ ಮದುವೆಯ ವಯಸ್ಸು ಹದಿನೆಂಟು ಎಂದು 1978ರಲ್ಲೇ ಕಾನೂನಾಗಿತ್ತು. ಕಾನೂನು ಹರವೆಗೆ ಬರುವುದಕ್ಕೆ ಹೊತ್ತು ಹಿಡಿದಿತ್ತು. ಅಣ್ಣ ಲೈಟು ಆರಿಸಿದರು. "ಈ ಫೋಟೊ ನಾನು ತೆಗಿಯದಿಲ್ಲ" ಎಂದರು. ಬಂದವರು, "ದುಡ್ಡು ಕೊಡದು ನಾವಲ್ವಾ? ನಿಂಗ್ಯಾಕ? ಬಾಯ್ ಮುಚ್ಕಂಡಿರು" ಎಂದು ಜೋರು ಮಾಡಿದರು. ಅಣ್ಣ ಸಂಜೆ ನೇರವಾಗಿ ಅವಳ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಊರ ಹಿರಿಯರೊಬ್ಬರನ್ನು ಜೊತೆ ಮಾಡಿಕೊಂಡು ಹುಡುಗಿಯ ಮನೆಗೆ ಹೋದರು. ಅವಳು ಆ ವರ್ಷ ಪರೀಕ್ಷೆ ಬರೆದಳು.

ಯಾರಿಗೂ ಏನೂ ಹೇಳಬಾರದು ಎನ್ನುತ್ತಿದ್ದ ಅಣ್ಣ ತಾವೇ ಹೋಗಿ ಹೇಳಿ ಬಂದರಲ್ಲ ಎಂದು ನಮಗೆ ಗೊಂದಲವಾಯಿತು. ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಕೇಳಿದೆವು. "ಗುಟ್ಟು ಅಂದ್ರ ಫೋಟೋದಲ್ಲಿ ಕೂತಿರೋರ ಗುಟ್ಟು ಕಣ್ರೋ. ದುಡ್ಡು ಕೊಟ್ಟು ಕೂರಿಸ್ದೋರದಲ್ಲ. ನಾವು ಬಾಯಿ ಮುಚ್ಕಂಡುದ್ರಿಂದ ಆ ಮೊಗೀಗ ಒಳ್ಳೇದಾಯ್ತದಾ ಕೆಟ್ಟದಾಯ್ತದಾ ನೋಡ್ಬೇಕು" ಎಂದರು.

ಬಹಳ ವರ್ಷಗಳ ಮೇಲೆ ನಾನು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಓದಿದೆ. ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಹಕ್ಕುದಾರರು ಎಂದು ಅದರಲ್ಲಿದೆ. ಸ್ಟುಡಿಯೊದವನು ನೆಗೆಟಿವ್ ಇಟ್ಟುಕೊಂಡ ಮಾತ್ರಕ್ಕೆ ಯಜಮಾನನಲ್ಲ ಎಂಬಷ್ಟರ ಮಟ್ಟಿಗೆ ಕಾನೂನೂ ಅಣ್ಣನೂ ಒಂದೇ. ಆದರೆ ಅಣ್ಣ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಹಣ ಕೊಟ್ಟವರಿಗಿಂತ ಮುಖ ಕೊಟ್ಟವರು ದೊಡ್ಡವರು ಎಂದು ನಡೆದುಕೊಂಡರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಅದನ್ನು ಪೇಪರಿನಲ್ಲಿ ಓದಿದ ದಿನ ನಾನು ಅಣ್ಣನ ಆ ರಾತ್ರಿಯ ಮಾತನ್ನೇ ನೆನೆದೆ.

ಕ್ಯಾಮೆರಾ ಹಿಡಿದವರನ್ನು ಎಲ್ಲರೂ ಅನುಮಾನದಿಂದ ನೋಡುವ ಕಾಲವೂ ನಮ್ಮ ಸೀಮೆಗೆ ಬಂತು. 1997ರ ಅಕ್ಟೋಬರಿನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿಯವರನ್ನು ಕಾಡುಗಳ್ಳ ವೀರಪ್ಪನ್ ಬಂಡೀಪುರದಿಂದ ಹೊತ್ತೊಯ್ದ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾಗಿ, ಅವರು ಬಿಡುಗಡೆಯಾಗಿ ಬರುವ ಹೊತ್ತಿಗೆ 108 ದಿನ ಕಳೆದಿತ್ತು. ಕಾಡಂಚಿನ ಊರುಗಳಿಗೆ ಮದುವೆ ಫೋಟೊಗೆ ಹೋದರೂ ನೀವು ಯಾರ ಕಡೆಯವರು ಎಂದು ಜನ ದಿಟ್ಟಿಸುತ್ತಿದ್ದರು. ಆಗ ನಮ್ಮನ್ನು ಕಾಪಾಡಿದ್ದು ಹರವೆಯ ಅಂಗಡಿಯ ಹೆಸರು. ಅಲ್ಲಿಯ ಹುಡುಗರು ಕಂಡದ್ದನ್ನು ಆಡುವವರಲ್ಲ ಎಂಬ ಮಾತು ನಾವು ಹೋಗುವ ಮುಂಚೆಯೇ ಆ ಊರುಗಳಿಗೆ ಹೋಗಿತ್ತು.

ಇನ್ನೊಂದು ಕೆಲಸವನ್ನೂ ಹೇಳಬೇಕು. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿಗೆ ಆದೇಶಿಸಿತು. ಮುಂದೆ ಹಳ್ಳಿ ಹಳ್ಳಿಯ ಶಾಲೆಗಳಲ್ಲಿ ಫೋಟೊ ತೆಗೆಯುವ ಕೆಲಸ ನಡೆದಾಗ ಸಾಲು ನಿಲ್ಲಿಸುವುದಕ್ಕೂ ದೀಪ ಹಿಡಿಯುವುದಕ್ಕೂ ನಾವು ಹೋಗಿದ್ದೆವು. ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಕೂರುತ್ತಿದ್ದ ಅಜ್ಜಿಯರು ನಮ್ಮನ್ನು ಕಂಡು, "ನಮ್ ಫೋಟೋದಂಗ್ಡಿ ಮೊಗನಲ್ವಾ ನೀನು, ನೀನಿದ್ರ ಕೂತ್ಕತಿನಿ ಬುಡು" ಎಂದು ಸೆರಗು ಸರಿಮಾಡಿಕೊಂಡು ಕೂತರು. ಅದಕ್ಕಿಂತ ದೊಡ್ಡ ಬಿರುದು ನಮಗೆ ಸಿಗಲಿಲ್ಲ. ದೂರದ ಹಳ್ಳಿಯ ಹೆಣ್ಣುಮಕ್ಕಳು ಕಾಲೇಜಿನ ಅರ್ಜಿಗೋ ಕೆಲಸದ ಅರ್ಜಿಗೋ ಜೊತೆಗೆ ಯಾರೂ ಇಲ್ಲದೆ ಒಬ್ಬೊಬ್ಬರೇ ನಮ್ಮ ಅಂಗಡಿಗೆ ಬಂದು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಬಾಗಿಲು, ಪರದೆ, ಕತ್ತಲೆ ಕೋಣೆ ಇರುವ ಜಾಗಕ್ಕೆ ಹಾಗೆ ಬರಬೇಕಾದರೆ ಎಷ್ಟು ನಂಬಿಕೆ ಬೇಕು!

ಕಲರ್ ಬಂದ ಮೇಲೆ ಡಾರ್ಕ್ ರೂಮಿನ ಕೆಲಸ ಇಳಿಯಿತು. ರೋಲುಗಳನ್ನು ಮೈಸೂರಿನ ಲ್ಯಾಬಿಗೆ ಬಸ್ಸಿನಲ್ಲಿ ಒಯ್ದು ಮರುದಿನ ತರುವುದಾಯಿತು. ಆಗಲೂ ಕವರನ್ನು ಕಂಡಕ್ಟರ ಕೈಯಲ್ಲಿ ಕಳಿಸುವಂತಿರಲಿಲ್ಲ, ನಮ್ಮಲ್ಲೊಬ್ಬ ಹೋಗಲೇಬೇಕು. ಆಮೇಲೆ ಡಿಜಿಟಲ್ ಬಂತು, ಅಣ್ಣನ ಕಣ್ಣಿನ ಶಕ್ತಿಯೂ ಕುಂದಿತು. ಅಂಗಡಿ ಮುಚ್ಚುವುದೆಂದು ತೀರ್ಮಾನವಾದಾಗ ಅವರು ನಮ್ಮನ್ನು ಕರೆಸಿದರು. ಗಲ್ಲಾಪೆಟ್ಟಿಗೆಯ ಪುಸ್ತಕ ತೆಗೆದು, ಊರೂರಿನ ನಂಬರು ಬಿಡಿಸಿ, ಬೇಕೆಂದವರಿಗೆ ಅವರವರ ನೆಗೆಟಿವ್ ಮನೆಗೇ ಮುಟ್ಟಿಸಿದೆವು. ಹೆಣ್ಣು ತೋರಿಸುವ ಫೋಟೊಗಳನ್ನು ಆ ಹೆಣ್ಣುಮಕ್ಕಳ ಕೈಗೇ ಕೊಡಬೇಕೆಂದು ಅಣ್ಣ ತಾಕೀತು ಮಾಡಿದ್ದರು. ಯಾರೂ ಕೇಳದೆ ಉಳಿದದ್ದನ್ನು ಹಿತ್ತಿಲಲ್ಲಿ ಸುಟ್ಟೆವು. ಹಳೆಯ ಫೋಟೊ ಕೂಡಿಡುವವರಿಗೆ ಇದು ನಷ್ಟ ಎನ್ನಿಸಬಹುದು. ಆ ಕಾಲದ ಜನರ ಉಡುಗೆ, ಒಡವೆ, ನಿಲುವು ತಿಳಿಯಲು ಅದೊಂದು ಭಂಡಾರವೇ ಆಗಿತ್ತು, ನಿಜ. ಆದರೆ ಆ ಮುಖಗಳು ಇತಿಹಾಸಕ್ಕೆಂದು ಕೂತವಲ್ಲ, ಮನೆಯವರಿಗೆಂದು ಕೂತವು. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡಾಗಲೆಲ್ಲ ಅಣ್ಣ ಕತ್ತರಿಸಿ ಇಡುತ್ತಿದ್ದರು. "ಅವರು ತೆಗಿಯದು ಲೋಕಕ್ಕ ತೋರ್ಸಕ್ಕ, ನಾವು ತೆಗಿಯದು ಮನೆಯೋರ್ಗ ಕೊಡಕ್ಕ. ಎರಡೂ ದೊಡ್ಡ ಕೆಲಸವೇ" ಎನ್ನುತ್ತಿದ್ದರು.

ಈಗ ಹುಡುಗರ ಕೈಯಲ್ಲಿ ಎಲ್‌ಇಡಿ ದೀಪ, ತಲೆಯ ಮೇಲೆ ಡ್ರೋನು, ಜೇಬಿನಲ್ಲಿ ಮೊಬೈಲು. ಒಂದು ಮದುವೆಯ ಸಾವಿರಾರು ಫೋಟೊ ಉಗುರಿನಷ್ಟು ಕಾರ್ಡಿನಲ್ಲಿ ಕೂರುತ್ತವೆ. ಕೋಣೆಯಲ್ಲಿ ಸೀರೆ ಉಡುತ್ತಿರುವ ಮದುಮಗಳ ಫೋಟೊ ತಾಳಿ ಕಟ್ಟುವ ಮೊದಲೇ ಯಾರದೋ ಸ್ಟೇಟಸ್ಸಿನಲ್ಲಿ ಕಾಣುತ್ತದೆ. ಅವಳನ್ನು ಕೇಳಿದ್ದರೇ? ಹುಡುಗರನ್ನು ಬೈದು ಪ್ರಯೋಜನವಿಲ್ಲ. ದಿನಗೂಲಿಗೆ ಬರುತ್ತಾರೆ, ಇವತ್ತು ಒಬ್ಬರ ಹತ್ತಿರ, ನಾಳೆ ಇನ್ನೊಬ್ಬರ ಹತ್ತಿರ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವ ಅಣ್ಣಂದಿರು ಕಡಿಮೆಯಾಗಿದ್ದಾರೆ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಒಳ್ಳೆಯದೇ. ಆದರೆ ಛತ್ರದ ಕೋಣೆಯಲ್ಲಿ ದೀಪ ಹಿಡಿದು ನಿಂತ ಹುಡುಗನ ಮನಸ್ಸಿಗೆ ಕಾಯ್ದೆಯ ಪುಸ್ತಕ ತಲುಪುವುದಿಲ್ಲ. ಕೆಲಸ ಕಲಿಸುವವರೇ ತಲುಪಿಸಬೇಕು.

ಟಚಪ್ ಮಾಡುತ್ತಿದ್ದ ನನ್ನ ಜೊತೆಗಾರ ಈಗ ಗುಂಡ್ಲುಪೇಟೆ ಕಡೆ ಇದೇ ಕಸುಬಿನಲ್ಲಿದ್ದಾನೆ. ಅವನ ಹತ್ತಿರ ಮದುವೆ ಕೆಲಸಕ್ಕೆ ಬರುವ ಹುಡುಗರು ತಮ್ಮ ಮೊಬೈಲಿನಲ್ಲಿ ಒಂದು ಫೋಟೊವನ್ನೂ ತೆಗೆಯುವಂತಿಲ್ಲ. ಕಾರ್ಡಿನಲ್ಲಿದ್ದದ್ದು ಅಂಗಡಿಯ ಕಂಪ್ಯೂಟರಿಗೆ ಬಿದ್ದು, ಸರಿಯಾಗಿದೆ ಎಂದು ನೋಡಿಯಾದ ಮೇಲೆ ಅವನ ಕಣ್ಣೆದುರೇ ಕಾರ್ಡು ಅಳಿಸಬೇಕು. ಅಂಗಡಿಯ ಪ್ರಚಾರಕ್ಕೆ ಒಂದು ಚಿತ್ರ ಬೇಕಾದರೂ ಹುಡುಗಿಯನ್ನು ಬೇರೆಯಾಗಿ ಕೇಳುತ್ತಾನೆ, ತಲೆಯಾಡಿಸಿದರೆ ಸಾಲದು ಎನ್ನುತ್ತಾನೆ. ಹೊಸ ಹುಡುಗರು ಮೊದಮೊದಲು ಗೊಣಗುತ್ತಾರಂತೆ. ಒಂದು ವರ್ಷ ನಿಂತವರು ಮಾತ್ರ ತಾವೇ ಹೊಸಬರಿಗೆ ಹೇಳಿಕೊಡುತ್ತಾರಂತೆ.

ಅಣ್ಣ ಈಗಿಲ್ಲ. ಅವರು ಕಲಿಸಿದ್ದು ಕೆಲಸಕ್ಕೆ ಬರುತ್ತಿದೆ ಎಂಬ ಸಂತೋಷದಿಂದ ಇದನ್ನು ಬರೆದಿದ್ದೇನೆ. ಸ್ಟುಡಿಯೊ ನಡೆಸುವವರಲ್ಲಿ ನನ್ನದು ಒಂದೇ ಕೋರಿಕೆ. ಹೊಸ ಹುಡುಗನಿಗೆ ಲೆನ್ಸು, ಲೈಟು ತೋರಿಸುವ ಮೊದಲು ಕೂರಿಸಿಕೊಂಡು ಹೇಳಿ: ನೀನು ನೋಡುವ ಮುಖ ನಿನಗೆ ಕೊಟ್ಟದ್ದಲ್ಲ, ನಿನ್ನ ಕೈಯಲ್ಲಿ ಇಟ್ಟದ್ದು. ಫೋಕಸ್ಸು, ಬೆಳಕು ಆಮೇಲೆ ಹೇಗಾದರೂ ಕಲಿಯುತ್ತಾನೆ.